ಹೆಸರು, ಯಾವ ಕಣ್ಣು, ಎಷ್ಟು ನಂಬರ್

ಮಾರ್ಚ್ ೩, ಸೋಮವಾರ

ಈ ದಿನಚರಿ ಪುಸ್ತಕ ಔಷಧದ ಕಂಪನಿಯವರು ಬಿಟ್ಟಿ ಕೊಟ್ಟಿದ್ದು. ಪ್ರತಿ ಪುಟದ ಮೂಲೆಯಲ್ಲೂ ಒಂದು ಕಣ್ಣಿನ ಚಿತ್ರ. ಬರೆಯುವಾಗ ಅದು ನನ್ನನ್ನೇ ನೋಡುತ್ತಿರುತ್ತದೆ, ನೋಡಲಿ. ನಿವೃತ್ತಿಗೆ ಇನ್ನು ಎಂಟು ತಿಂಗಳಿದೆ. ಅಷ್ಟರೊಳಗೆ ನಡೆಯುವುದನ್ನು ಬರೆದಿಟ್ಟುಕೊಂಡರೆ, ಎಲ್ಲ ಕೆಟ್ಟು ಕೂತ ದಿನ 'ನಾನು ಆಗಲೇ ಹೇಳಿದ್ದೆ' ಎಂದು ನನಗೆ ನಾನೇ ದಿನಾಂಕ ಸಮೇತ ಹೇಳಿಕೊಳ್ಳಬಹುದು.

ಇವತ್ತಿನ ಸಭೆಯಲ್ಲಿ ತೀರ್ಮಾನವಾಯಿತು. ನಮ್ಮ ಕಣ್ಣಾಸ್ಪತ್ರೆಯ ಮೇಜುಗಳ ಮೇಲಿರುವ ಹಳೆಯ ಪ್ರೋಗ್ರಾಮುಗಳೆಲ್ಲ ಮನೆಗೆ. ಇನ್ನು ಮುಂದೆ ಎಲ್ಲವೂ ಬ್ರೌಸರಿನಲ್ಲಿ. ಮ್ಯಾನೇಜರು ಡೇಟಾಬೇಸಿನವನಾದ ನಾನು ಬರೆದ ಪ್ರೊಸೀಜರುಗಳನ್ನೂ ಅವುಗಳ ಜೊತೆಗೇ ಕಸಕ್ಕೆ ಹಾಕುವ ಹುರುಪಿನಲ್ಲಿದ್ದರು. ನಾನು ಒಂದೇ ಮಾತು ಹೇಳಿದೆ: "ಪರದೆ ಯಾವುದಾದರೂ ಇರಲಿ, ಲೆಕ್ಕ ಮುಟ್ಟಬೇಡಿ."

ಲೆಕ್ಕವೆಂದರೆ ಇದು. ಪೊರೆ ಬಂದ ಕಣ್ಣಿನಿಂದ ಪೊರೆ ತೆಗೆದು ಒಳಗೊಂದು ಕೃತಕ ಲೆನ್ಸ್ ಕೂರಿಸುತ್ತಾರೆ. ಒಂದೊಂದು ಕಣ್ಣಿಗೂ ಅದರದೇ ನಂಬರ್. ತಪ್ಪು ನಂಬರ್ ಒಳಗೆ ಹೋದರೆ ಮತ್ತೆ ಕಣ್ಣು ಕೊಯ್ಯಬೇಕು, ಎರಡನೇ ಸಲ ಕೊಯ್ದ ಕಣ್ಣಿನ ಬಗ್ಗೆ ಯಾವ ಡಾಕ್ಟರೂ ಮಾತು ಕೊಡುವುದಿಲ್ಲ. ಅಳತೆಗಳನ್ನು ನೋಡಿ ಆ ನಂಬರನ್ನು ಆರಿಸುವ ಕೆಲಸವನ್ನು ಹತ್ತೊಂಬತ್ತು ವರ್ಷದ ಹಿಂದೆ ನಾನು ಡೇಟಾಬೇಸಿನ ಹೊಟ್ಟೆಯೊಳಗೇ ಬರೆದಿಟ್ಟೆ. ಎರಡೇ ಪ್ರೊಸೀಜರ್, ಅಂದರೆ ಹೆಸರು ಹಿಡಿದು ಕರೆದರೆ ಓಡುವ ಎರಡು ಆದೇಶದ ಕಂತೆ. ಮೊದಲನೆಯದು 'ರೋಗಿಯನ್ನು ತೆರೆ'. ಎರಡನೆಯದು 'ಲೆನ್ಸ್ ಆರಿಸು'. ಇವತ್ತಿನವರೆಗೆ ಒಂದು ತಪ್ಪಿಲ್ಲ.

ಕೊನೆಗೆ ರಾಜಿಯಾಯಿತು. ಹೊಸ ವೆಬ್ ಅಪ್ಲಿಕೇಶನ್ ಹೊರಗಿನಿಂದ ನನ್ನ ಪ್ರೊಸೀಜರುಗಳನ್ನು ಕರೆಯುತ್ತದೆ, ಒಳಗೆ ಕೈ ಹಾಕುವುದಿಲ್ಲ. ಅದನ್ನು ಕಟ್ಟಲು ಹೊಸಬಳೊಬ್ಬಳನ್ನು ತೆಗೆದುಕೊಂಡಿದ್ದಾರೆ. ಮೂವತ್ತೈದರ ಆಸುಪಾಸು, ಮಾತು ಕಡಿಮೆ, ಪ್ರಶ್ನೆ ಜಾಸ್ತಿ. ಇಲ್ಲಿ ಅವಳನ್ನು ಪರದೆಯವಳು ಎಂದೇ ಬರೆಯುತ್ತೇನೆ.

ಮಾರ್ಚ್ ೫, ಬುಧವಾರ

ಪರದೆಯವಳು ಲ್ಯಾಪ್‌ಟಾಪ್ ಎತ್ತಿಕೊಂಡು ನನ್ನ ಕೋಣೆಗೆ ಬಂದಳು.

"ಸರ್, ಮೊದಲನೇ ಪ್ರೊಸೀಜರಿಗೆ ರೋಗಿ ಸಂಖ್ಯೆ ಕೊಡ್ತೀವಿ, ಯಾವ ಕಣ್ಣು ಅಂತ ಕೊಡ್ತೀವಿ. ಎರಡನೇದಕ್ಕೆ ಏನೂ ಕೊಡೋದೇ ಇಲ್ವಲ್ಲ?"

"ಅದಕ್ಕೆ ಗೊತ್ತಿರುತ್ತೆ."

"ಹೇಗೆ?"

"ಈಗತಾನೇ ಹೇಳಿದ್ದೀರಲ್ಲ. ನೆನಪಿಟ್ಕೊಂಡಿರುತ್ತೆ."

ಅವಳು ಪೆನ್ನಿನ ತುದಿ ಕಚ್ಚಿದಳು. "ಪ್ರತಿ ಸಲ ಎಲ್ಲಾನೂ ಕೊಡೋ ಹಾಗೆ ಬದಲಾಯಿಸಿಕೊಡ್ತೀರಾ? ಯಾರು, ಯಾವ ಕಣ್ಣು, ಎಲ್ಲಾನೂ?"

"ಯಾಕೆ? ಒಂದು ಸಲ ಹೇಳಿದ್ದನ್ನ ಹತ್ತು ಸಲ ಹೇಳೋದು ಮರೆಗುಳಿಗಳ ಜೊತೆ. ಇದು ಮರೆಗುಳಿ ಅಲ್ಲ."

ಸರಿ ಎಂದು ಹೋದಳು. ಈ ಕಾಲದವರಿಗೆ ನಂಬಿಕೆಯೇ ಇಲ್ಲ. ಎಲ್ಲವನ್ನೂ ಬಿಡಿಸಿ ಹೇಳಬೇಕು, ಬರೆದು ಕೊಡಬೇಕು, ಮತ್ತೆ ಹೇಳಬೇಕು.

ಮಾರ್ಚ್ ೯, ಭಾನುವಾರ

ಮನೆಯಲ್ಲಿ ಇರುವುದು ನಾನು ಮತ್ತು ಅಕ್ಕ. ನನ್ನ ಹೆಂಡತಿ ತೀರಿಕೊಂಡ ವರ್ಷ ಅಕ್ಕ ತನ್ನ ಹೊಲಿಗೆ ಮಿಷನ್ ಹೊರಿಸಿಕೊಂಡು ಬಂದು ಮುಂದಿನ ಕೋಣೆಯಲ್ಲಿ ಇಟ್ಟಳು. 'ಇರುತ್ತೇನೆ' ಎಂದು ಅವಳು ಹೇಳಲಿಲ್ಲ, 'ಇರು' ಎಂದು ನಾನೂ ಹೇಳಲಿಲ್ಲ. ಹನ್ನೊಂದು ವರ್ಷವಾಯಿತು. ನಮ್ಮದು ಮಾತಿಲ್ಲದೆ ನಡೆಯುವ ಮನೆ. ನನಗೆ ಏನು ಬೇಕು ಅವಳಿಗೆ ಗೊತ್ತು, ಅವಳಿಗೇನು ಬೇಕು ನನಗೆ ಗೊತ್ತು. ಮೇಲಿನ ಮನೆಯ ಗಂಡಹೆಂಡತಿ ಇಡೀ ದಿನ ವಟಗುಟ್ಟುವುದನ್ನು ಕೇಳಿದರೆ ಇವರಿಗೆ ಬಾಯಿ ನೋಯುವುದಿಲ್ಲವೇ ಅನ್ನಿಸುತ್ತದೆ.

ಅಕ್ಕ ದರ್ಜಿಗಳಿಗೆ ಕಾಜಾ ಗುಂಡಿ ಮಾಡಿಕೊಡುತ್ತಾಳೆ. ಕೈ ಕಾಜಾ, ಮಿಷನ್ನಿನದಲ್ಲ. ಈಚೆಗೆ ಸೂಜಿಗೆ ದಾರ ಪೋಣಿಸುವುದು ಅವಳಿಗೆ ಆಗುತ್ತಿಲ್ಲ. ಸೂಜಿಯ ಪಕ್ಕದ ಗಾಳಿಗೆ ಪೋಣಿಸುತ್ತಾಳೆ. ಒಂದು ತಿಂಗಳಿಂದ ನಾನು ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ, ಅವಳು ಸ್ನಾನಕ್ಕೆ ಹೋದಾಗ, ಹತ್ತು ಸೂಜಿಗೆ ದಾರ ಹಾಕಿ ಮೆತ್ತೆಗೆ ಚುಚ್ಚಿಟ್ಟು ಹೋಗುತ್ತೇನೆ. ಆ ಬಗ್ಗೆ ಮಾತಿಲ್ಲ. ಅವಳಿಗೆ ಗೊತ್ತು.

ಎಡಗಣ್ಣಿನಲ್ಲಿ ಪೊರೆ. ಬಲಗಣ್ಣು ಹನ್ನೆರಡನೇ ವಯಸ್ಸಿನಿಂದಲೇ ಕಾಣುವುದಿಲ್ಲ. ಅದರ ಕಾರಣ ಇಬ್ಬರಿಗೂ ಗೊತ್ತು, ಇಲ್ಲಿ ಬರೆಯುವ ಅಗತ್ಯವಿಲ್ಲ.

ಮಾರ್ಚ್ ೧೪, ಶುಕ್ರವಾರ

ಹೊಸ ಪರದೆ ಎಲ್ಲಿ ಕೂರಬೇಕೆಂದು ನೋಡಲು ಲೆನ್ಸ್ ಕೋಣೆಗೆ ಹೋಗಿದ್ದೆ. ಶಸ್ತ್ರಚಿಕಿತ್ಸೆಗೆ ಹೋಗುವವರು ಒಳಗೆ ಹೋಗುವ ಮುಂಚೆ ಅಲ್ಲಿ ಐದು ನಿಮಿಷ ಕೂರುತ್ತಾರೆ. ಅಲ್ಲಿನ ಹಿರಿಯ ದಾದಿಗೆ ಇಡೀ ಆಸ್ಪತ್ರೆ ಇಟ್ಟಿರುವ ಹೆಸರು ಮಗ್ಗಿ ಸಿಸ್ಟರ್. ಯಾರೇ ಬರಲಿ, ಮಗ್ಗಿ ಒಪ್ಪಿಸುವ ಹಾಗೆ ಅದೇ ರಾಗ: "ನಿಮ್ಮ ಹೆಸರು ಹೇಳಿ. ಯಾವ ಕಣ್ಣು? ಎಷ್ಟು ನಂಬರ್?" ಮೊದಲೆರಡನ್ನು ರೋಗಿಯ ಬಾಯಿಂದ ಹೇಳಿಸುತ್ತಾಳೆ. ಮೂರನೆಯದನ್ನು ತಾನೇ ಚೀಟಿಯಿಂದ ಓದಿ, ಫೈಲಿನ ಅಳತೆಯ ಜೊತೆ ತಾಳೆ ನೋಡುತ್ತಾಳೆ. ಒಬ್ಬೊಬ್ಬರಿಗೆ ನಾಲ್ಕು ನಿಮಿಷ.

ಒಬ್ಬ ಮುದುಕನನ್ನು ಶೌಚಾಲಯಕ್ಕೆ ಕಳಿಸಿ, ವಾಪಸ್ ಬಂದ ಮೇಲೆ ಮತ್ತೆ ಮೊದಲಿನಿಂದ ಕೇಳಿದಳು.

"ಇವರನ್ನ ಈಗತಾನೇ ಕೇಳಿದ್ರಲ್ಲ ಸಿಸ್ಟರ್?"

"ನಿಮ್ಮ ಕಂಪ್ಯೂಟರಿಗೆ ನೆನಪಿರುತ್ತೆ ಸರ್. ನನಗಿರಲ್ಲ. ದಿನಕ್ಕೆ ಮೂವತ್ತು ಕಣ್ಣು ನೋಡ್ತೀನಿ. ಪ್ರತಿಯೊಬ್ಬರಿಗೂ ನಾನು ಹೊಸಬಳೇ."

ಮೂವತ್ತು ಕಣ್ಣು, ನಾಲ್ಕು ನಿಮಿಷ. ದಿನಕ್ಕೆ ಎರಡು ಗಂಟೆ ಗಿಳಿಪಾಠಕ್ಕೆ ಹೋಯಿತು.

ಮಾರ್ಚ್ ೨೦, ಗುರುವಾರ

ಊಟದ ಮೇಜಿನ ಮೇಲೆ, ಉಪ್ಪಿನ ಡಬ್ಬಿಗೆ ಒರಗಿಸಿ ಒಂದು ಕಾರ್ಡು. ನಮ್ಮ ಆಸ್ಪತ್ರೆಯದೇ. ಅಕ್ಕನ ಹೆಸರು, ಎಡಗಣ್ಣು, ಏಪ್ರಿಲ್ ೧೬. ಒಬ್ಬಳೇ ಬಸ್ಸು ಹತ್ತಿ ಬಂದು ತೋರಿಸಿಕೊಂಡು ಹೋಗಿದ್ದಾಳೆ. ನಾನು ಎರಡನೇ ಮಹಡಿಯಲ್ಲೇ ಇದ್ದೆ.

ಓದಿ, ಇದ್ದ ಹಾಗೇ ಇಟ್ಟೆ. ನಾನು ನೋಡಿದ್ದು ಅವಳಿಗೆ ಗೊತ್ತಾಗುತ್ತದೆ.

ಏಪ್ರಿಲ್ ೧೬ ಎಂದರೆ ಹೊಸ ಪರದೆ ಶುರುವಾಗುವ ದಿನ. ಅವಳ ಲೆನ್ಸನ್ನು ನನ್ನ ಪ್ರೊಸೀಜರ್ ಆರಿಸುತ್ತದೆ. ಖುಷಿಯಾಯಿತು ಎಂದು ಬರೆದರೆ ಸುಳ್ಳಲ್ಲ.

ಮಾರ್ಚ್ ೨೪, ಸೋಮವಾರ

ಪರದೆಯವಳು ಮತ್ತು ನಾನು ಕೂತು ಪರೀಕ್ಷೆ ಮಾಡಿದೆವು. ನಲವತ್ತು ರೋಗಿಗಳು, ಒಬ್ಬರಾದ ಮೇಲೆ ಒಬ್ಬರು. ನಲವತ್ತೂ ಸರಿ.

ಮಾರ್ಚ್ ೨೭, ಗುರುವಾರ

ಮ್ಯಾನೇಜರಿಗೆ ಒಂದು ಟಿಪ್ಪಣಿ ಬರೆದುಕೊಟ್ಟೆ. 'ಹೊಸ ಚೀಟಿಯಲ್ಲಿ ಹೆಸರು, ಕಣ್ಣು, ಲೆನ್ಸ್ ನಂಬರ್ ಮೂರೂ ಕಂಪ್ಯೂಟರಿನಿಂದಲೇ ಅಚ್ಚಾಗಿ ಬರುವುದರಿಂದ, ಲೆನ್ಸ್ ಕೋಣೆಯಲ್ಲಿ ಗಟ್ಟಿಯಾಗಿ ಓದಿ ತಾಳೆ ನೋಡುವ ಪದ್ಧತಿಯನ್ನು ನಿಲ್ಲಿಸಬಹುದು.' ಸಂಜೆಯೊಳಗೆ ಸಹಿಯಾಗಿ ಲೆನ್ಸ್ ಕೋಣೆಯ ಗೋಡೆಗೆ ಅಂಟಿತು. ಈ ಆಸ್ಪತ್ರೆಯಲ್ಲಿ ನನ್ನ ಕಾಗದವೊಂದು ಇಷ್ಟು ಬೇಗ ಓಡಿದ್ದು ಇದೇ ಮೊದಲು.

ಮಗ್ಗಿ ಸಿಸ್ಟರ್ ಅದನ್ನೂ ಗಟ್ಟಿಯಾಗಿಯೇ ಓದಿದಳಂತೆ.

ಏಪ್ರಿಲ್ ೨, ಬುಧವಾರ

ಅಕ್ಕ ಉಳಿದ ಬಟ್ಟೆಯ ತುಂಡುಗಳನ್ನು ಸೇರಿಸಿ ಚಂದದ ಚೀಲವೊಂದನ್ನು ಹೊಲಿದಿದ್ದಳು. ಆರು ಗುಂಡಿ, ಆರು ಕೈ ಕಾಜಾ. ಕಾಣದ ಕಣ್ಣಿನಲ್ಲಿ ಒಂದು ವಾರದ ಕೆಲಸ. ನನಗೇ ಇರಬೇಕು, ಊಟದ ಡಬ್ಬಿ ಇಡಲು, ಎಂದುಕೊಂಡಿದ್ದೆ. ಇವತ್ತು ಸಂಜೆ ಮೇಲಿನ ಮನೆಯಾಕೆ ಅದನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಲ್ಲಿ ಎದುರಾದಳು.

"ನಿಮ್ಮಕ್ಕ ಕೊಟ್ರು. ದಿನಾ ಸೂಜಿಗೆ ದಾರ ಹಾಕಿಕೊಡ್ತೀಯಲ್ಲ ಅಂದ್ರು. ನಾನು ಯಾವತ್ತೋ ಎರಡು ಸಲ ಹಾಕಿದ್ದೆ ಅಷ್ಟೇ, ದೊಡ್ಡ ಮನಸ್ಸು ಅವರದು."

ಸುಮ್ಮನೆ ನಕ್ಕು ಒಳಗೆ ಬಂದೆ. ತಿದ್ದಲಿಲ್ಲ. ತಿದ್ದುವುದೇನಿದೆ ಅದರಲ್ಲಿ. ಚೀಲದ ಗಾತ್ರ ನನ್ನ ಡಬ್ಬಿಗೆ ಸರಿಯಾಗಿತ್ತು.

ಏಪ್ರಿಲ್ ೯, ಬುಧವಾರ

ಪರದೆಯವಳು ಹೋಗುತ್ತಾ ಬಾಗಿಲಲ್ಲಿ ನಿಂತು ಹೇಳಿದಳು: "ಹನ್ನೆರಡು ಮೇಜಿಗೆ ಡೇಟಾಬೇಸಿನ ಐದು ಕನೆಕ್ಷನ್ ಇಟ್ಟಿದ್ದೀನಿ ಸರ್. ಎಲ್ಲರೂ ಹಂಚಿಕೊಳ್ತಾರೆ. ನಿಮ್ಮ ಕಡೆಯಿಂದ ತೊಂದರೆ ಇಲ್ಲ ತಾನೇ?"

ನಾನು ಆಗ ಬೇರೇನೋ ಓದುತ್ತಿದ್ದೆ. "ಇಲ್ಲ" ಎಂದೆ.

ಏಪ್ರಿಲ್ ೧೫, ಮಂಗಳವಾರ

ಅಕ್ಕ ನಾಳೆಗೆ ಸೀರೆ ತೆಗೆದು ಕುರ್ಚಿಯ ಮೇಲೆ ಇಟ್ಟಿದ್ದಾಳೆ. ಎರಡು ಸಲ ಮಡಿಕೆ ಬಿಚ್ಚಿ ಮತ್ತೆ ಮಡಿಸಿದಳು. ಹೆದರಿಕೆಯಾಗಿರಬೇಕು. ಹೆದರಬೇಡ ಎಂದು ಹೇಳಬಹುದಿತ್ತು. ಲೆನ್ಸ್ ಆರಿಸುವುದು ನನ್ನ ಲೆಕ್ಕ ಎಂದು ಅವಳಿಗೆ ಗೊತ್ತೇ ಇದೆ, ಮತ್ತೇನು ಹೇಳುವುದು ಎಂದು ಸುಮ್ಮನಾದೆ.

ಏಪ್ರಿಲ್ ೧೬, ಬುಧವಾರ

ಇವತ್ತು ಬರೆಯಲಾರೆ.

ಏಪ್ರಿಲ್ ೧೭, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿನ್ನೆ ಬೆಳಗ್ಗೆ ಒಂಬತ್ತಕ್ಕೆ ಹೊಸ ಪರದೆ ಶುರುವಾಯಿತು. ಲೆನ್ಸ್ ಕೋಣೆಯಲ್ಲಿ ನಾನು ಮತ್ತು ಪರದೆಯವಳು ಗೋಡೆಗೆ ಒರಗಿ ನಿಂತಿದ್ದೆವು. ನಮ್ಮ ತಲೆಯ ಮೇಲೇ ನನ್ನ ಟಿಪ್ಪಣಿ ಅಂಟಿತ್ತು. ಮೊದಲ ಮೂವರು ಒಳಗೆ ಹೋದರು. ನಾಲ್ಕನೆಯವಳಾಗಿ ಅಕ್ಕ ಬಂದಳು. ಗಾಲಿ ಕುರ್ಚಿ, ತಲೆಗೆ ಹಸಿರು ಟೋಪಿ, ಎಡ ಹುಬ್ಬಿನ ಮೇಲೆ ಪೆನ್ನಿನ ಗುರುತು. ನಾನಿರುವುದು ಅವಳಿಗೆ ಕಾಣಲಿಲ್ಲ. ನಾನೂ ಮಾತಾಡಿಸಲಿಲ್ಲ.

ಚೀಟಿ ಅಚ್ಚಾಯಿತು. ಸಿಸ್ಟರ್ ಅದನ್ನು ಕೈಗೆ ತೆಗೆದುಕೊಂಡು, ಗೋಡೆಯ ಟಿಪ್ಪಣಿಯ ಕಡೆ ತಿರುಗಿಯೂ ನೋಡದೆ, ಶುರು ಮಾಡಿದಳು.

"ನಿಮ್ಮ ಹೆಸರು ಹೇಳಿ."

ಅಕ್ಕ ಹೇಳಿದಳು.

"ಯಾವ ಕಣ್ಣು?"

"ಎಡ."

ಸಿಸ್ಟರ್ ಚೀಟಿ ನೋಡಿದಳು. ಫೈಲು ನೋಡಿದಳು. ಮತ್ತೆ ಚೀಟಿ ನೋಡಿದಳು. ರಾಗ ನಿಂತುಹೋಯಿತು. "ಸ್ವಲ್ಪ ಇರೀಮ್ಮ" ಎಂದು ಚೀಟಿಯನ್ನು ಬೋರಲಾಗಿ ಮೇಜಿನ ಮೇಲಿಟ್ಟು ಡಾಕ್ಟರನ್ನು ಕರೆಯಲು ಹೋದಳು.

ನಾನು ಚೀಟಿ ತಿರುಗಿಸಿದೆ. ಹೆಸರು ಅಕ್ಕನದು. ಕಣ್ಣು: ಬಲ. ನಂಬರ್: ಇಪ್ಪತ್ತೆರಡೂವರೆ.

ಅಕ್ಕನ ಅಳತೆಗೆ ಬರಬೇಕಾದದ್ದು ಹದಿನೇಳೂವರೆ. ಇಪ್ಪತ್ತೆರಡೂವರೆ ಒಳಗೆ ಹೋಗಿದ್ದರೆ ಪುಸ್ತಕ ಹಿಡಿಯುವಷ್ಟು ದೂರದಾಚೆ ಅವಳಿಗೆ ಎಲ್ಲವೂ ಮಂಜು. ಮತ್ತೆ ಕೊಯ್ಯಬೇಕಿತ್ತು, ಇರುವುದೊಂದೇ ಕಣ್ಣನ್ನು.

ಡಾಕ್ಟರು ಬಂದರು, ಎರಡೂ ಕಾಗದ ನೋಡಿದರು, ಮುಖ ಗಂಟಾಯಿತು. "ಇವತ್ತು ಯಾರದೂ ಬೇಡ" ಎಂದರು. ಅಕ್ಕನಿಗೆ "ತಾಂತ್ರಿಕ ಕಾರಣ, ಬೇರೆ ದಿನ ಕೊಡ್ತೀವಿ" ಎಂದು ಹೇಳಿ ಕಳಿಸಿದರು. ಮೊದಲ ಮೂವರ ಚೀಟಿಗಳನ್ನು ಮತ್ತೊಮ್ಮೆ ಫೈಲಿನ ಜೊತೆ ತಾಳೆ ನೋಡಲು ನನಗೆ ಹಿಡಿದದ್ದು ಇಪ್ಪತ್ತು ನಿಮಿಷ. ಮೂರೂ ಸರಿ ಇದ್ದವು. ಆಗಿನ್ನೂ ಉಳಿದ ಮೇಜುಗಳು ತೆರೆದಿರಲಿಲ್ಲ, ಅಷ್ಟೇ.

ಬಲ ಎಂದು ಅಚ್ಚಾಗಿತ್ತು. ಆ ಪದವೇ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಆದ್ದರಿಂದ ಅದನ್ನೂ ಬರೆದುಬಿಡುತ್ತೇನೆ. ನನಗೆ ಎಂಟು, ಅವಳಿಗೆ ಹನ್ನೆರಡು. ಹಿತ್ತಲಲ್ಲಿ ಬಿದಿರು ಬಗ್ಗಿಸಿ ಬಿಲ್ಲು ಮಾಡಿದ್ದೆ. ಬಾಣಕ್ಕೆ ಸೈಕಲ್ ಚಕ್ರದ ಕಡ್ಡಿ. ಒಣಹಾಕಿದ ಬೆಡ್‌ಶೀಟಿಗೆ ಗುರಿಯಿಟ್ಟು ಬಿಟ್ಟೆ. ಅದರ ಹಿಂದೆ ಅಕ್ಕ ಬಟ್ಟೆ ಹರವುತ್ತಿದ್ದಳು. ಅಪ್ಪ ಓಡಿ ಬಂದಾಗ ಅವಳೇ ಹೇಳಿದಳು: "ಬಟ್ಟೆ ತಂತಿಯ ತುದಿ ಚುಚ್ಚಿಬಿಡ್ತು." ಆ ಕಡ್ಡಿಯನ್ನು ಯಾವಾಗ ಎಲ್ಲಿ ಎಸೆದಳೋ ಗೊತ್ತಿಲ್ಲ. ಆಮೇಲೆ ಅವಳು ಆ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಐವತ್ತು ವರ್ಷವಾಯಿತು.

ಏಪ್ರಿಲ್ ೧೮, ಶುಕ್ರವಾರ

ಕಾರಣ ಸಿಕ್ಕಿತು.

ಹಳೆಯ ವ್ಯವಸ್ಥೆಯಲ್ಲಿ ಒಂದೊಂದು ಮೇಜಿಗೂ ಡೇಟಾಬೇಸಿನ ಜೊತೆ ತನ್ನದೇ ಕನೆಕ್ಷನ್. ಬೆಳಗ್ಗೆ ತೆರೆದರೆ ಸಂಜೆ ಮುಚ್ಚುವುದು. ಒಂದು ಫೋನ್ ಹಿಡಿದುಕೊಂಡು ಇಡೀ ದಿನ ಒಬ್ಬರ ಜೊತೆಗೇ ಮಾತಾಡಿದ ಹಾಗೆ. ಮೊದಲು 'ಇಂಥ ರೋಗಿ' ಎಂದರೆ ಸಾಕು, ಮುಂದಿನದಕ್ಕೆಲ್ಲ ಅದೇ ರೋಗಿ ಎಂದು ನನ್ನ ಪ್ರೊಸೀಜರ್ ತಿಳಿದುಕೊಳ್ಳುತ್ತಿತ್ತು. ವೆಬ್ ಹಾಗಲ್ಲ. ಐದು ಫೋನು, ಹನ್ನೆರಡು ಮೇಜು, ಯಾವುದು ಖಾಲಿಯಿದೆಯೋ ಅದು ಕೈಗೆ ಬರುತ್ತದೆ. 'ರೋಗಿಯನ್ನು ತೆರೆ' ಎಂದು ಅಕ್ಕನ ವಿವರ ಹೇಳಿದ್ದು ಎರಡನೇ ಕನೆಕ್ಷನ್ನಿಗೆ. 'ಲೆನ್ಸ್ ಆರಿಸು' ಎಂದು ಕೇಳಿದ್ದು ನಾಲ್ಕನೆಯದಕ್ಕೆ. ನಾಲ್ಕನೆಯದರ ನೆನಪಿನಲ್ಲಿ ಒಬ್ಬ ಲಾರಿ ಚಾಲಕ ಕೂತಿದ್ದ, ಬಲಗಣ್ಣು, ಇಪ್ಪತ್ತೆರಡೂವರೆ. ಅದು ತನಗೆ ಗೊತ್ತಿದ್ದುದನ್ನೇ ಪ್ರಾಮಾಣಿಕವಾಗಿ ಹೇಳಿತು. ಹೆಸರು ಮಾತ್ರ ಪರದೆಯಿಂದ ಬಂದದ್ದು, ಹಾಗಾಗಿ ಅಕ್ಕನದೇ ಇತ್ತು. ಹೆಸರೊಂದನ್ನೇ ನೋಡುವವರ ಕೈಗೆ ಆ ಚೀಟಿ ಹೋಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ನಾವು ಪರೀಕ್ಷೆ ಮಾಡಿದ್ದು ಇಬ್ಬರೂ ಒಂದೇ ಮೇಜಿನಲ್ಲಿ ಕೂತು. ಕೇಳುವವರು ಒಬ್ಬರೇ ಇದ್ದಾಗ ಪ್ರತಿ ಸಲವೂ ಮೊದಲನೇ ಕನೆಕ್ಷನ್ನೇ ಸಿಗುತ್ತದೆ.

ಕನೆಕ್ಷನ್ನುಗಳನ್ನು ಹೀಗೆ ಹಂಚಿಟ್ಟದ್ದು ಪರದೆಯವಳು. ತಾಂತ್ರಿಕವಾಗಿ ನೋಡಿದರೆ ತಪ್ಪು ಅವಳದು.

ಏಪ್ರಿಲ್ ೨೧, ಸೋಮವಾರ

ಸಭೆ. ಮ್ಯಾನೇಜರು ಪರದೆಯವಳನ್ನು ತರಾಟೆಗೆ ತೆಗೆದುಕೊಂಡರು. ಹತ್ತೊಂಬತ್ತು ವರ್ಷ ತಪ್ಪದ್ದು ನೀವು ಮುಟ್ಟಿದ ದಿನವೇ ತಪ್ಪಿತಲ್ಲ, ಎಂದರು. ಅವಳು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತಿದ್ದಳು. ನನ್ನನ್ನು ಕೇಳಿದ್ದಾಗಿ ಹೇಳಲಿಲ್ಲ. ಎರಡು ಸಲ ಕೇಳಿದ್ದಳು, ಮಾರ್ಚ್ ೫ ಮತ್ತು ಏಪ್ರಿಲ್ ೯. ದಿನಾಂಕ ಸಮೇತ ಈ ಪುಸ್ತಕದಲ್ಲೇ ಇದೆ.

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಇವರು ಕೇಳಿದ್ರು," ಎಂದೆ. "ಪ್ರತಿ ಸಲ ಎಲ್ಲಾ ಹೇಳೋ ಹಾಗೆ ಮಾಡಿಕೊಡಿ ಅಂದ್ರು. ಬೇಡ ಅಂದವನು ನಾನು. ಗೋಡೆ ಮೇಲಿನ ಕಾಗದಾನೂ ನಂದೇ."

ಮ್ಯಾನೇಜರು ನೀರು ಕುಡಿದರು. ಹೊರಗೆ ಬಂದ ಮೇಲೆ ಪರದೆಯವಳು, "ಥ್ಯಾಂಕ್ಸ್ ಸರ್. ಎಷ್ಟು ದಿನ ಬೇಕು ನಿಮಗೆ ತಿದ್ದೋಕೆ?" ಎಂದು ಕೇಳಿದಳು. ಮೂರು ದಿನ ಎಂದೆ. ಲೆನ್ಸ್ ಕೋಣೆಗೆ ಹೋಗಿ ಟಿಪ್ಪಣಿಯನ್ನು ಕಿತ್ತೆ. ಅಂಟಿನ ಗುರುತು ಉಳಿಯಿತು.

ಏಪ್ರಿಲ್ ೨೪, ಗುರುವಾರ

ಎರಡು ಪ್ರೊಸೀಜರ್ ಹೋಗಿ ಒಂದಾಯಿತು. ಯಾರು, ಯಾವ ಕಣ್ಣು, ಯಾವ ಅಳತೆ, ಯಾವ ಮೇಜು, ಎಲ್ಲವನ್ನೂ ಪ್ರತಿ ಸಲವೂ ಹೇಳಬೇಕು. ಉತ್ತರದಲ್ಲಿ ಅದು ಅವಷ್ಟನ್ನೂ ವಾಪಸ್ ಹೇಳುತ್ತದೆ. ಹೇಳಿದ ಮೇಲೆ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಹನ್ನೆರಡು ಮೇಜಿನಲ್ಲಿ ಹನ್ನೆರಡು ಜನರನ್ನು ಕೂರಿಸಿ, ಒಟ್ಟಿಗೆ ಗುಂಡಿ ಒತ್ತಿಸಿ ಪರೀಕ್ಷೆ ಮಾಡಿದೆವು. ಆರುನೂರು ಚೀಟಿ. ಪ್ರತಿಯೊಂದನ್ನೂ ಮಗ್ಗಿ ಸಿಸ್ಟರ್ ಓದಿದಳು. ಆರುನೂರೂ ಸರಿ.

ಬರೆಯುವಾಗ ಸಾಲು ಜಾಸ್ತಿಯಾಯಿತು. ಓದಲು ಮಾತ್ರ ಮೊದಲಿಗಿಂತ ಸಲೀಸು.

ಸಂಜೆ ಆರಕ್ಕೆ ಮನೆಗೆ ಬಂದಾಗ ಬಾಗಿಲು ತೆರೆದೇ ಇತ್ತು. ಅಕ್ಕ ಕಣ್ಣು ಮುಚ್ಚಿಕೊಂಡು, ಒಂದು ಕೈ ಗೋಡೆಗೆ ಸವರುತ್ತಾ, ಅಡುಗೆಮನೆಯಿಂದ ಬಚ್ಚಲಿಗೆ ನಡೆಯುತ್ತಿದ್ದಳು. "ಒಂಬತ್ತು, ಹತ್ತು, ಹನ್ನೊಂದು." ಹನ್ನೊಂದಕ್ಕೆ ನಿಂತು ಕೈ ಚಾಚಿದಳು. ಬಾಗಿಲ ಚಿಲಕ ಸಿಕ್ಕಿತು.

"ಏನು ಮಾಡ್ತಿದ್ದೀಯ?"

ಕಣ್ಣು ತೆರೆದಳು. "ಏನಿಲ್ಲ. ಅಭ್ಯಾಸ."

ನನ್ನ ಕೋಣೆಗೆ ಬಂದು ಕೂತೆ. ಅಭ್ಯಾಸ ಎಂದಳು. ತಾಂತ್ರಿಕ ಕಾರಣ ಎಂದದ್ದನ್ನು ಅವಳು ನಂಬಿಲ್ಲ. ಡಾಕ್ಟರ ಗಂಟು ಮುಖ ಕಂಡದ್ದು ಅಷ್ಟೇ ಅವಳಿಗೆ. ಎಡಗಣ್ಣೂ ಕೈಬಿಟ್ಟಿತು ಎಂದುಕೊಂಡು ಎಂಟು ದಿನದಿಂದ ಕುರುಡಿಯಾಗಲು ತಯಾರಾಗುತ್ತಿದ್ದಾಳೆ. ಅದೂ ನಾನು ಕೆಲಸಕ್ಕೆ ಹೋದ ಹೊತ್ತಿನಲ್ಲಿ.



ಏಪ್ರಿಲ್ ೨೫, ಶುಕ್ರವಾರ

ಬೆಳಗ್ಗೆ ಹೇಳಿದೆ. ಅವಳು ಅಂಗಿಯೊಂದನ್ನು ಮಡಿಲಲ್ಲಿಟ್ಟುಕೊಂಡು, ಬೆರಳಿನಿಂದ ತಡವಿ ಕಾಜಾ ಮಾಡುತ್ತಿದ್ದಳು. ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತೆ. ನಾನು ಹಾಗೆ ಕೂತದ್ದು ನೋಡಿಯೇ ಅವಳ ಕೈ ನಿಂತಿತು.

"ಅಕ್ಕ, ನಿನ್ನ ಕಣ್ಣಿಗೆ ಏನೂ ಆಗಿಲ್ಲ. ಅವತ್ತು ನಿಲ್ಲಿಸಿದ್ದು ಚೀಟಿ ತಪ್ಪು ಬಂತು ಅಂತ. ತಪ್ಪು ನಂದು."

ಎಲ್ಲವನ್ನೂ ಹೇಳಿದೆ. ಐದು ಫೋನು, ಹನ್ನೆರಡು ಮೇಜು, ಲಾರಿ ಚಾಲಕ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟಳು.

"ಹಾಗಾದ್ರೆ ಡಾಕ್ಟರು ಮುಖ ಗಂಟು ಹಾಕ್ಕೊಂಡಿದ್ದು ಚೀಟಿ ನೋಡಿನಾ?"

"ಚೀಟಿ ನೋಡಿನೇ."

"ಇದನ್ನ ಹೇಳೋಕೆ ಒಂಬತ್ತು ದಿನ ಬೇಕಾಯ್ತಾ ನಿನಗೆ?"

"ನಿನಗೆ ಗೊತ್ತಿರುತ್ತೆ ಅಂದ್ಕೊಂಡೆ."

"ಯಾರು ಹೇಳಿದ್ರು ಅಂತ ಗೊತ್ತಿರುತ್ತೋ? ಗೋಡೆ ಬಂದು ಹೇಳುತ್ತಾ?" ಸೆರಗಿನಿಂದ ಮೂಗು ಒರೆಸಿಕೊಂಡಳು. "ಒಂಬತ್ತು ದಿನದಿಂದ ನಿದ್ದೆ ಇಲ್ಲ ನನಗೆ."

ಬಾಯಿ ತೆರೆದದ್ದಾಗಿದೆ, ಇನ್ನೊಂದನ್ನೂ ಹೇಳಿಬಿಡೋಣ ಎನ್ನಿಸಿತು. "ಸೂಜಿಗೆ ದಾರ ಹಾಕಿಡ್ತಿದ್ದವನೂ ನಾನೇ. ಮೇಲಿನ ಮನೆಯವಳಲ್ಲ."

ಅಕ್ಕ ನನ್ನ ಕಡೆ ಮುಖ ಮಾಡಿ ನಕ್ಕಳು. ತುಂಬಾ ದಿನವಾಗಿತ್ತು ಅವಳು ನಕ್ಕು. "ಅಯ್ಯೋ, ಚೀಲ ಅವಳಿಗೆ ಕೊಟ್ಟಾಯ್ತಲ್ಲೋ."

ಕೆಲಸಕ್ಕೆ ಅರ್ಧ ಗಂಟೆ ತಡವಾಯಿತು.

ಏಪ್ರಿಲ್ ೩೦, ಬುಧವಾರ

ಹಸಿರು ಟೋಪಿ, ಗಾಲಿ ಕುರ್ಚಿ. ಈ ಸಲ ಕುರ್ಚಿಯ ಪಕ್ಕ ಹೋಗಿ "ನಾನಿಲ್ಲೇ ಇದ್ದೀನಿ ಅಕ್ಕ, ನಿನ್ನ ಬಲಕ್ಕೆ" ಎಂದೆ. ಅವಳು ತಲೆ ಆಡಿಸಿದಳು.

"ನಿಮ್ಮ ಹೆಸರು ಹೇಳಿ. ಯಾವ ಕಣ್ಣು?"

"ಎಡ."

"ಎಡ. ಹದಿನೇಳೂವರೆ," ಎಂದು ಸಿಸ್ಟರ್ ಚೀಟಿ ಓದಿದಳು. ಫೈಲು ನೋಡಿದಳು. ಆಮೇಲೆ ಚೀಟಿಯನ್ನು ನನ್ನ ಕೈಗೆ ಕೊಟ್ಟಳು. "ನೀವೂ ಒಂದ್ಸಲ ಓದಿ ಸರ್."

ಗಟ್ಟಿಯಾಗಿ ಓದಿದೆ.

ಮೇ ೧, ಗುರುವಾರ

ಪಟ್ಟಿ ಬಿಚ್ಚಿದರು. ಅಕ್ಕ ಮೊದಲು ಕಿಟಕಿ ನೋಡಿದಳು. ಕಂಬದ ಮೇಲಿನ ತಂತಿಗಳನ್ನು ಎಣಿಸಿದಳು, ಏಳು. ನಾನೂ ಎಣಿಸಿದೆ, ಏಳೇ. ಆಮೇಲೆ ನನ್ನನ್ನು ನೋಡಿದಳು.

"ಯಾವಾಗ ಇಷ್ಟು ಮುದುಕ ಆದೆಯೋ?"

"ಹೇಳಿರಲಿಲ್ಲ ನಿನಗೆ," ಎಂದೆ.

ಮೇ ೪, ಭಾನುವಾರ

ಮೂರು ಬಾಟಲಿ ಔಷಧ, ದಿನಕ್ಕೆ ನಾಲ್ಕು ಸಲ. ಹನಿ ಹಾಕುವುದು ನನ್ನ ಕೆಲಸ. ಅವಳು ಕುರ್ಚಿಗೆ ತಲೆ ಒರಗಿಸಿ ಮೇಲೆ ನೋಡುತ್ತಾಳೆ. ಇವತ್ತು ಮಧ್ಯಾಹ್ನ ಎರಡನೇ ಬಾಟಲಿಯ ಮುಚ್ಚಳ ತೆಗೆಯುತ್ತಾ ಹೇಳಿದೆ: "ಅಕ್ಕ. ಎಡಗಣ್ಣು. ಎರಡನೇ ಬಾಟಲಿ. ಒಂದು ಹನಿ."

"ಇರೋದೇ ಒಂದು ಕಣ್ಣು. ಅದಕ್ಕೂ ಯಾವ ಕಣ್ಣು ಅಂತ ದಿನಾ ಕೂಗ್ತೀಯಲ್ಲೋ," ಎಂದಳು, ತಮಾಷೆಗೆ.

ಹನಿ ಹಾಕಲು ಬಗ್ಗಿದರೆ ಎರಡೂ ಕಣ್ಣು ಹತ್ತಿರದಿಂದ ಕಾಣುತ್ತವೆ. ಐವತ್ತು ವರ್ಷದಲ್ಲಿ ಆ ಬಲಗಣ್ಣನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಮಧ್ಯದಲ್ಲಿ ಬಿಳಿಯ ಸಣ್ಣ ಗೆರೆ.

"ಇದು ತಂತಿ ಚುಚ್ಚಿದ್ದಲ್ಲ," ಎಂದೆ. "ಸೈಕಲ್ ಕಡ್ಡಿ. ಬಿಲ್ಲಿಂದ ಬಿಟ್ಟವನು ನಾನು. ತಪ್ಪಾಯ್ತು ಅಕ್ಕ."

ಅವಳು ತಲೆ ಎತ್ತಲಿಲ್ಲ. ಮೇಲೆ ನೋಡುತ್ತಲೇ ಇದ್ದಳು. ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದರು.

"ನಿನಗೆ ನೆನಪಿದೆಯಾ ಅದು?" ಎಂದಳು. "ಚಿಕ್ಕವನು, ಮರೆತುಬಿಟ್ಟಿದ್ದಾನೆ, ಅದೇ ಒಳ್ಳೇದಾಯ್ತು ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ. ಎಲ್ಲಿ ನೆನಪಾಗುತ್ತೋ ಅಂತ ನಿನ್ನ ಮುಂದೆ ಆ ಮಾತೇ ಎತ್ತಿರಲಿಲ್ಲ."

ಹನಿ ಕೆನ್ನೆಯ ಮೇಲೆ ಬಿತ್ತು. ಒರೆಸಿದೆ.

"ಹಾಕೋ. ಕತ್ತು ನೋಯ್ತಿದೆ ನನಗೆ."

ಮತ್ತೆ ಬಗ್ಗಿ, ಮೊದಲಿನಿಂದ ಹೇಳಿದೆ. ಅಕ್ಕ. ಎಡಗಣ್ಣು. ಎರಡನೇ ಬಾಟಲಿ. ಒಂದು ಹನಿ.